ಕುರಿಯ ಯಕೃತ್ತಿನಲ್ಲಿ ಲೆಕ್ಟಿನ್ ಹಾಕದ ಸ್ಲೈಡೂ ಹೊಳೆಯುತ್ತಿದೆ: ಬಣ್ಣ ಕಟ್ಟಿದ ಬಯೋಟಿನ್-ವಿರೋಧಿ ಪ್ರತಿಕಾಯಕ್ಕೆ ಬದಲಾಯಿಸಬೇಕೆ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಎಲ್ಲ ಹಿರಿಯರಿಗೂ ಶರಣು. ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ವಿಷಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಕುರಿಯ ಸಣ್ಣ ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಕೋಶಗಳ ಹೊರಮೈ ಮೇಲಿರುವ ಸಕ್ಕರೆಯ ಸರಪಳಿಗಳು ಹಾಲು ಕುಡಿಯುವ ಮರಿಯಿಂದ ದೊಡ್ಡ ಕುರಿಯವರೆಗೆ ಹೇಗೆ ಬದಲಾಗುತ್ತವೆ ಎಂಬುದು ನನ್ನ ಅಧ್ಯಯನದ ವಿಷಯ. ಬೆಳಗಿನ ಹೊತ್ತು ಮಟನ್ ಅಂಗಡಿಯಿಂದ ತಾಜಾ ಅಂಗಾಂಶವನ್ನು ಮಂಜುಗಡ್ಡೆಯಲ್ಲಿಟ್ಟು ತಂದು, ಹೆಪ್ಪುಗಟ್ಟಿಸಿ, ಕ್ರಯೋಸ್ಟ್ಯಾಟ್‌ನಲ್ಲಿ 8 ಮೈಕ್ರೋಮೀಟರ್ ದಪ್ಪದ ಸೆಕ್ಷನ್‌ಗಳನ್ನು ಕತ್ತರಿಸುತ್ತೇನೆ. ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ ಇಟ್ಟು, ಕೋಶಪೊರೆಯನ್ನು ತೆರೆಯುವ ಶೇ. 0.1ರ ಟ್ರೈಟಾನ್ ಹಾಕಿ, ಶೇ. 5ರ ಹಾಲಿನ ಪುಡಿಯಿಂದ ಬ್ಲಾಕಿಂಗ್ ಮಾಡಿ (ಬೇಡದ ಅಂಟಿಕೆಯನ್ನು ತಡೆದು), ಬಳಿಕ ಬಯೋಟಿನ್ ಎಂಬ ಸಣ್ಣ ಅಣುವನ್ನು ಗುರುತಾಗಿ ಜೋಡಿಸಿದ ಡಬ್ಲ್ಯುಜಿಎ, ಅಂದರೆ ಗೋಧಿ ಮೊಳಕೆಯ ಲೆಕ್ಟಿನ್ (ಸಕ್ಕರೆಯ ಸರಪಳಿಗಳನ್ನು ಹಿಡಿಯುವ ಪ್ರೋಟೀನ್) ಹಾಕುತ್ತೇನೆ. ಕೊನೆಗೆ ಎಫ್‌ಐಟಿಸಿ ಎಂಬ ಹಸಿರು ಹೊಳಪಿನ ಬಣ್ಣ ಕಟ್ಟಿದ, ಬಯೋಟಿನ್ನನ್ನು ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ.

ಕರುಳಿನ ಸ್ಲೈಡ್‌ಗಳು ಬಹುಮಟ್ಟಿಗೆ ಚೆನ್ನಾಗಿಯೇ ಬರುತ್ತಿವೆ. ಆದರೆ ಯಕೃತ್ತಿನಲ್ಲಿ, ಲೆಕ್ಟಿನ್ ಹಾಕದೆ ಬಿಟ್ಟ ಕಂಟ್ರೋಲ್ ಸ್ಲೈಡ್ ಕೂಡ ಲೆಕ್ಟಿನ್ ಹಾಕಿದ ಸ್ಲೈಡಿನಷ್ಟೇ ಹಸಿರಾಗಿ ಹೊಳೆಯುತ್ತಿದೆ. ಹೊಳಪು ಕೋಶದ ಅಂಚಿನಲ್ಲಿಲ್ಲ; ಕೋಶರಸದ ತುಂಬ ರವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಣಗಳಾಗಿ ಹರಡಿದೆ. ಮೂರು ವಾರಗಳಿಂದ ತೊಳೆಯುವ ಸಮಯ ಹೆಚ್ಚಿಸಿದೆ, ಸ್ಟ್ರೆಪ್ಟಾವಿಡಿನ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದೆ, ಎರಡರಿಂದಲೂ ಪ್ರಯೋಜನವಾಗಲಿಲ್ಲ.

ರಾಸಾಯನಿಕಗಳನ್ನು ಪೂರೈಸುವವರೊಬ್ಬರು, ಸ್ಟ್ರೆಪ್ಟಾವಿಡಿನ್ ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತದೆ, ಅದರ ಬದಲು ಪ್ರತಿದೀಪ್ತ (ಬೆಳಕು ಬಿದ್ದಾಗ ಹೊಳೆಯುವ) ಬಣ್ಣ ಕಟ್ಟಿದ ಮೇಕೆಯ ಬಯೋಟಿನ್-ವಿರೋಧಿ ಪ್ರತಿಕಾಯ ತೆಗೆದುಕೊಂಡರೆ ಹಿನ್ನೆಲೆ ಶುಚಿಯಾಗುತ್ತದೆ ಎಂದು ಹೇಳಿದ್ದಾರೆ. ಅದರ ಬೆಲೆ ನನ್ನ ಒಂದು ತಿಂಗಳ ಫೆಲೋಶಿಪ್‌ಗಿಂತ ಹೆಚ್ಚಿದೆ. ಆದ್ದರಿಂದ ಆರ್ಡರ್ ಹಾಕುವ ಮೊದಲು ಕೇಳುತ್ತಿದ್ದೇನೆ. ಈ ಪ್ರತಿಕಾಯದಿಂದ ನನ್ನ ತೊಂದರೆ ನಿಜವಾಗಿ ಬಗೆಹರಿಯುತ್ತದೆಯೇ? ಬಗೆಹರಿಯುವುದಾದರೆ ಯಾವ ಪ್ರಾಣಿಯ ಪ್ರತಿಕಾಯ, ಯಾವ ಬಣ್ಣ ಆರಿಸಬೇಕು? ನಮ್ಮ ಸೂಕ್ಷ್ಮದರ್ಶಕದಲ್ಲಿ ಡಾಪಿ (ನೀಲಿ), ಎಫ್‌ಐಟಿಸಿ (ಹಸಿರು) ಮತ್ತು ಟ್ರಿಟ್ಸಿ (ಕಿತ್ತಳೆ-ಕೆಂಪು) ಎಂಬ ಮೂರು ಫಿಲ್ಟರ್‌ಗಳು ಮಾತ್ರ ಇವೆ. ಇನ್ನು, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ವಿದ್ಯುತ್ ಹೋಗುತ್ತಿರುತ್ತದೆ. ಇಂಥ ಕಡೆ ಅದನ್ನು ಕಾಪಾಡಿಕೊಳ್ಳುವುದು ಹೇಗೆ?

ಉತ್ತರ: ಪಶುರೋಗಶಾಸ್ತ್ರ ಕಲಿಸುವವರು, ಬೀದರ್

ತಂಗೀ, ಶರಣು. ಆರ್ಡರ್ ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ವಿವರಣೆಯಲ್ಲಿಯೇ ಉತ್ತರದ ಬಹುಪಾಲು ಇದೆ: ಕರುಳು ಶುಚಿಯಾಗಿದೆ, ಯಕೃತ್ತು ಹೊಳೆಯುತ್ತಿದೆ, ಹೊಳಪು ಕೋಶರಸದಲ್ಲಿ ರವೆಯಂತೆ ಕಾಣುತ್ತಿದೆ. ಸ್ಟ್ರೆಪ್ಟಾವಿಡಿನ್ ಅಲ್ಲಿ ತಪ್ಪು ಮಾಡುತ್ತಿಲ್ಲ. ಅದು ಬಯೋಟಿನ್ನನ್ನೇ ಹಿಡಿಯುತ್ತಿದೆ, ಆದರೆ ಆ ಬಯೋಟಿನ್ ನಿಮ್ಮ ಲೆಕ್ಟಿನ್ನಿನದಲ್ಲ, ಕುರಿಯದು.

ಬಯೋಟಿನ್ ಎಂಬುದು ನಾವು ಪ್ರಯೋಗಾಲಯದಲ್ಲಿ ಅಂಟಿಸುವ ಗುರುತು ಮಾತ್ರವಲ್ಲ, ಪ್ರತಿ ಜೀವಕೋಶಕ್ಕೂ ಬೇಕಾದ ಬಿ7 ಜೀವಸತ್ವ. ಸಸ್ತನಿಗಳಲ್ಲಿ ಬಯೋಟಿನ್ ಅವಲಂಬಿಸಿದ ಕಾರ್ಬಾಕ್ಸಿಲೇಸ್ ಕಿಣ್ವಗಳು ಐದು ಇವೆ: ಪೈರುವೇಟ್ ಕಾರ್ಬಾಕ್ಸಿಲೇಸ್, ಪ್ರೊಪಿಯೋನಿಲ್ ಕೋಎ ಕಾರ್ಬಾಕ್ಸಿಲೇಸ್, ಮೀಥೈಲ್‌ಕ್ರೋಟೋನಿಲ್ ಕೋಎ ಕಾರ್ಬಾಕ್ಸಿಲೇಸ್, ಮತ್ತು ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸಿನ ಎರಡು ರೂಪಗಳು. ಇವುಗಳಲ್ಲಿ ಬಯೋಟಿನ್ ಅಣು ಕಿಣ್ವದ ಲೈಸಿನ್ ಒಂದಕ್ಕೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಮೊದಲ ಮೂರು ಇರುವುದು ಮೈಟೊಕಾಂಡ್ರಿಯಾದ ಒಳಗೆ. ನಿಮಗೆ ರವೆಯಂತೆ ಕಂಡದ್ದು ಅದೇ. ಯಕೃತ್ತು, ಮೂತ್ರಪಿಂಡ, ಹೃದಯ ಇಂಥ ಅಂಗಗಳಲ್ಲಿ ಈ ಕಿಣ್ವಗಳು ಹೇರಳವಾಗಿರುವುದರಿಂದ ಅಲ್ಲಿಯೇ ಈ ತೊಂದರೆ ಎದ್ದು ಕಾಣುತ್ತದೆ. ಫಾರ್ಮಲಿನ್‌ನಲ್ಲಿ ಇಟ್ಟು ಪ್ಯಾರಾಫಿನ್‌ನಲ್ಲಿ ಹುದುಗಿಸಿದ ಅಂಗಾಂಶದಲ್ಲಿ ಇದು ಸ್ವಲ್ಪ ಮರೆಯಾಗಿರುತ್ತದೆ, ಬಿಸಿ ಬಫರ್‌ನಲ್ಲಿ ಕುದಿಸಿದರೆ ಮತ್ತೆ ಹೊರಬರುತ್ತದೆ. ನಿಮ್ಮ ಹೆಪ್ಪುಗಟ್ಟಿಸಿದ ಸೆಕ್ಷನ್‌ಗಳಲ್ಲಿ ಮೊದಲಿನಿಂದಲೇ ತೆರೆದಿರುತ್ತದೆ, ಟ್ರೈಟಾನ್ ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಕೋಶದ ಹೊರಮೈಯ ಸಕ್ಕರೆ ನೋಡುವವರಿಗೆ ಟ್ರೈಟಾನ್ ಬೇಕಾಗಿಯೂ ಇಲ್ಲ.

ನಿಮ್ಮ ಅಧ್ಯಯನಕ್ಕೆ ಇದರಿಂದ ಆಗಬಹುದಾದ ಹಾನಿ ಹಿನ್ನೆಲೆಯ ಹೊಳಪಿಗಿಂತ ದೊಡ್ಡದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಕುರಿ ಮೆಲುಕು ಹಾಕುವ ಪ್ರಾಣಿ. ದೊಡ್ಡ ಕುರಿಯ ಕರುಳಿನಿಂದ ರಕ್ತಕ್ಕೆ ಗ್ಲೂಕೋಸ್ ಸೇರುವುದು ತೀರ ಕಡಿಮೆ. ಮೊದಲ ಹೊಟ್ಟೆಯಲ್ಲಿ ಮೇವು ಹುದುಗಿ ಬರುವ ಪ್ರೊಪಿಯೋನೇಟ್‌ನಿಂದ ಯಕೃತ್ತೇ ಗ್ಲೂಕೋಸ್ ತಯಾರಿಸಿಕೊಳ್ಳಬೇಕು. ಆ ದಾರಿಯ ಮೊದಲ ಹೆಜ್ಜೆಗಳಲ್ಲಿಯೇ ಬಯೋಟಿನ್ ಹೊತ್ತ ಪ್ರೊಪಿಯೋನಿಲ್ ಕೋಎ ಕಾರ್ಬಾಕ್ಸಿಲೇಸ್ ಕೆಲಸ ಮಾಡುತ್ತದೆ. ಹಾಲು ಕುಡಿಯುವ ಮರಿಯಲ್ಲಿ ಈ ಏರ್ಪಾಡು ಇನ್ನೂ ಬೆಳೆದಿರುವುದಿಲ್ಲ. ಹೀಗಿರುವಾಗ ಮರಿಗೂ ದೊಡ್ಡ ಕುರಿಗೂ ನಡುವೆ ಯಕೃತ್ತಿನ ಹೊಳಪು ಬದಲಾದರೆ, ಬದಲಾದದ್ದು ಸಕ್ಕರೆಯ ಸರಪಳಿಯೋ ಕಾರ್ಬಾಕ್ಸಿಲೇಸಿನ ಪ್ರಮಾಣವೋ ಎಂದು ಹೇಳಲು ನಿಮ್ಮ ಬಳಿ ಈಗ ಆಧಾರವಿಲ್ಲ. ಮೇವಿಗೆ ಒಗ್ಗಿಕೊಂಡ ಯಕೃತ್ತಿನ ಕಥೆಯನ್ನು ಸಕ್ಕರೆಯ ಕಥೆ ಎಂದು ಪ್ರಬಂಧದಲ್ಲಿ ಬರೆದುಬಿಡುವ ಅಪಾಯ ನಿಜವಾಗಿಯೂ ಇದೆ.

ಈಗ ಪ್ರತಿಕಾಯದ ವಿಷಯ. ಬಯೋಟಿನ್-ವಿರೋಧಿ ಪ್ರತಿಕಾಯ ಹಿಡಿಯುವುದು ಬಯೋಟಿನ್ನನ್ನೇ. ಲೆಕ್ಟಿನ್‌ನ ಬಯೋಟಿನ್, ಕಿಣ್ವದ ಬಯೋಟಿನ್ ಎಂಬ ಭೇದ ಅದಕ್ಕೂ ಗೊತ್ತಿಲ್ಲ. ಹಿಡಿತ ಸ್ಟ್ರೆಪ್ಟಾವಿಡಿನ್ನಿಗಿಂತ ಸಡಿಲವಾದ್ದರಿಂದಲೂ, ಅಣು ದೊಡ್ಡದಾಗಿ ಒಳಗೆ ನುಸುಳುವುದು ಕಷ್ಟವಾದ್ದರಿಂದಲೂ ಹೊಳಪು ಸ್ವಲ್ಪ ಕಡಿಮೆ ಕಾಣಬಹುದು. ಆದರೆ ಕಡಿಮೆ ಕಂಡದ್ದು ಶುಚಿಯಾದದ್ದಲ್ಲ. ಜೊತೆಗೆ ಯಕೃತ್ತಿನ ಕುಪ್ಫರ್ ಎಂಬ ಭಕ್ಷಕ ಕೋಶಗಳ ಮೇಲೆ ಪ್ರತಿಕಾಯದ ಬಾಲವನ್ನು, ಅಂದರೆ ಎಫ್‌ಸಿ ಭಾಗವನ್ನು ಹಿಡಿಯುವ ಗ್ರಾಹಕಗಳಿವೆ; ಸ್ಟ್ರೆಪ್ಟಾವಿಡಿನ್ನಿಗೆ ಇಲ್ಲದ ಹೊಸ ಹಿನ್ನೆಲೆಯೊಂದು ಇದರಿಂದ ಸೇರಿಕೊಳ್ಳುತ್ತದೆ. ಮುಂದೆ ಹೊಳಪು ಸಾಲದೆಂದು ಮೇಕೆಯ ಪ್ರತಿಕಾಯದ ಮೇಲೆ ಮೇಕೆ-ವಿರೋಧಿ ಎರಡನೇ ಪ್ರತಿಕಾಯ ಹಾಕಲು ಹೋದರಂತೂ, ಮೇಕೆ ಕುರಿ ಹತ್ತಿರದ ಬಂಧುಗಳಾದ್ದರಿಂದ ಅದು ನಿಮ್ಮ ಕುರಿಯ ಅಂಗಾಂಶದಲ್ಲಿರುವ ರಕ್ತದ ಪ್ರತಿಕಾಯಗಳನ್ನೆಲ್ಲ ಹಿಡಿದು ಇಡೀ ಸ್ಲೈಡನ್ನು ಬೆಳಗಿಸುತ್ತದೆ.

ಆದ್ದರಿಂದ ಹಣ ಖರ್ಚು ಮಾಡದೆ, ಇದ್ದ ಸಾಮಗ್ರಿಯಿಂದಲೇ ಮೂರು ಯಕೃತ್ತಿನ ಸ್ಲೈಡ್ ಮಾಡಿ ನೋಡಿರಿ. ಒಂದಕ್ಕೆ ಏನನ್ನೂ ಹಾಕಬೇಡಿ. ಇನ್ನೊಂದಕ್ಕೆ ಸ್ಟ್ರೆಪ್ಟಾವಿಡಿನ್ ಮಾತ್ರ ಹಾಕಿ. ಮೂರನೆಯದಕ್ಕೆ ಬಿಡಿ ಬಯೋಟಿನ್ ಜೊತೆ ಮೊದಲೇ ಅರ್ಧ ಗಂಟೆ ಬೆರೆಸಿಟ್ಟ ಸ್ಟ್ರೆಪ್ಟಾವಿಡಿನ್ ಹಾಕಿ. ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಸ್ಟ್ರೆಪ್ಟಾವಿಡಿನ್ ಇದ್ದರೆ, ಅಣುವೊಂದಕ್ಕೆ ನಾಲ್ಕು ಕುಳಿಗಳ ಲೆಕ್ಕದಲ್ಲಿ, ಹಿಡಿಯುವ ಕುಳಿಗಳು ಸುಮಾರು 0.36 ಮೈಕ್ರೋಮೋಲಾರ್ ಆಗುತ್ತವೆ, 0.1 ಮಿಲಿಮೋಲಾರ್ ಬಯೋಟಿನ್, ಅಂದರೆ ಮಿಲಿಲೀಟರಿಗೆ ಸುಮಾರು 24 ಮೈಕ್ರೋಗ್ರಾಂ, ಅದರ ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚಾಯಿತು. ಬಯೋಟಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಮೊದಲು ಒಂದೆರಡು ಹನಿ ದುರ್ಬಲ ಕ್ಷಾರದಲ್ಲಿ ಕರಗಿಸಿಕೊಂಡು ಬಫರ್‌ಗೆ ಸೇರಿಸಿರಿ. ಮೂರನೇ ಸ್ಲೈಡ್ ಕತ್ತಲಾದರೆ ಕಂಡದ್ದು ಬಯೋಟಿನ್. ಕತ್ತಲಾಗದಿದ್ದರೆ ಸ್ಟ್ರೆಪ್ಟಾವಿಡಿನ್ ಬೇರೆ ರೀತಿಯಲ್ಲಿ ಅಂಟಿದೆ. ಏನನ್ನೂ ಹಾಕದ ಸ್ಲೈಡೇ ಹೊಳೆದರೆ ಅದು ಅಂಗಾಂಶದ ಸ್ವಂತ ಬೆಳಕು.

ಉತ್ತರ: ಕೋಶಜೀವಶಾಸ್ತ್ರದ ಸಂಶೋಧಕ, ಕಡಗಂಚಿ

ಬೀದರಿನ ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೂ ಬಯೋಟಿನ್-ವಿರೋಧಿ ಪ್ರತಿಕಾಯ ಬೇಡವಾದ ವಸ್ತು ಎಂಬ ಭಾವನೆ ಓದುಗರಲ್ಲಿ ಉಳಿಯಬಾರದೆಂದು ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ನಾನು ಅದನ್ನು ಆರು ವರ್ಷಗಳಿಂದ ಬಳಸುತ್ತಿದ್ದೇನೆ.

ಪ್ರತಿದೀಪ್ತಿಯಿಂದ ಬಯೋಟಿನ್ ಪತ್ತೆ ಮಾಡುವ ಕೆಲಸದಲ್ಲಿ ಪ್ರತಿಕಾಯಕ್ಕೆ ಹಳೆಯ ಸ್ಥಾನವಿದೆ. 1982ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲ್ಯಾಂಗರ್-ಸೇಫರ್, ಲೆವಿನ್ ಮತ್ತು ವಾರ್ಡ್ ಅವರು ಹಣ್ಣಿನ ನೊಣದ ದೈತ್ಯ ವರ್ಣತಂತುಗಳ ಮೇಲೆ ಜೀನುಗಳ ಸ್ಥಾನ ಗುರುತಿಸಿದಾಗ, ಬಯೋಟಿನ್ ಜೋಡಿಸಿದ ಡಿಎನ್‌ಎಯನ್ನು ಹಿಡಿದದ್ದು ಮೊಲದ ಬಯೋಟಿನ್-ವಿರೋಧಿ ಪ್ರತಿಕಾಯ; ಅದನ್ನು ಕಾಣಿಸಿದ್ದು ಫ್ಲೋರೆಸಿನ್ ಕಟ್ಟಿದ ಮೇಕೆಯ ಪ್ರತಿಕಾಯ. ಅಲ್ಲಿ ಅದು ಗೆದ್ದದ್ದಕ್ಕೆ ಕಾರಣವಿದೆ: ವರ್ಣತಂತುವಿನಲ್ಲಿ ಮೈಟೊಕಾಂಡ್ರಿಯಾದ ಬಯೋಟಿನ್ ಅಡ್ಡ ಬರುವುದಿಲ್ಲ, ಮತ್ತು ಪ್ರತಿಕಾಯದ ಮೇಲೆ ಇನ್ನೊಂದು ಪ್ರತಿಕಾಯ ಹೇರಿ ಸಣ್ಣ ಸಂಕೇತವನ್ನು ಹಿಗ್ಗಿಸಬಹುದು.

ಎರಡನೆಯ ಉಪಯೋಗ ಬಿಡಿಸಿಕೊಳ್ಳುವುದರಲ್ಲಿದೆ. ಸ್ಟ್ರೆಪ್ಟಾವಿಡಿನ್ ಹಿಡಿದ ಬಯೋಟಿನ್ನನ್ನು ಬಿಡಿಸಬೇಕೆಂದರೆ ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿ ಕುದಿಸುವಂಥ ಕ್ರಮವೇ ಬೇಕು. ಅದರ ವಿಯೋಜನ ಸ್ಥಿರಾಂಕ (ಇದು ಚಿಕ್ಕದಾದಷ್ಟೂ ಹಿಡಿತ ಬಿಗಿ) 10ರ ಘಾತ ಮೈನಸ್ 14 ಮೋಲಾರ್‌ನ ಆಸುಪಾಸಿನಲ್ಲಿದೆ. ಪ್ರಕೃತಿಯಲ್ಲಿ ರಾಸಾಯನಿಕ ಬೆಸುಗೆಯಿಲ್ಲದೆ ಇಷ್ಟು ಬಿಗಿಯಾಗಿ ಹಿಡಿಯುವ ಜೋಡಿಗಳು ಅಪರೂಪ. ಪ್ರತಿಕಾಯವಾದರೆ ಹಿಡಿದದ್ದನ್ನು ಆಮ್ಲೀಯ ದ್ರಾವಣದಲ್ಲಿ ಬಿಟ್ಟುಕೊಡುತ್ತದೆ. ಬಯೋಟಿನ್ ಸೇರಿಸಿದ ಪೆಪ್ಟೈಡ್‌ಗಳನ್ನು ಆರಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳುಹಿಸುವವರು ಈ ಸಡಿಲ ಹಿಡಿತಕ್ಕಾಗಿಯೇ ಪ್ರತಿಕಾಯವನ್ನು ಇಷ್ಟಪಡುತ್ತಾರೆ. ನಾನು ಬಳಸುವುದು ಬೆಳೆಸಿದ ಕೋಶಗಳ ಹೊರಮೈ ಪ್ರೋಟೀನುಗಳಿಗೆ ಬಯೋಟಿನ್ ಕಟ್ಟಿ, ಜೀವಂತ ಕೋಶಗಳ ಹೊಳಪನ್ನೇ ಒಂದೊಂದಾಗಿ ಫ್ಲೋ ಸೈಟೋಮೀಟರ್‌ನಲ್ಲಿ ಅಳೆಯಲು. ಕೋಶಪೊರೆ ಮುಚ್ಚಿರುವುದರಿಂದ ಒಳಗಿನ ಬಯೋಟಿನ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಬೆಳೆಸುವ ಮಾಧ್ಯಮದಲ್ಲಿ ಎಚ್ಚರ ಬೇಕು: ಆರ್‌ಪಿಎಂಐ 1640ರಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಬಯೋಟಿನ್ ಇದೆ, ಸಾಮಾನ್ಯ ಡಿಎಂಇಎಂನಲ್ಲಿ ಇಲ್ಲ. ಚೆನ್ನಾಗಿ ತೊಳೆಯದೆ ಆ ಮಾಧ್ಯಮದಲ್ಲಿಯೇ ಬಣ್ಣ ಹಾಕಿದರೆ ಬಿಡಿ ಬಯೋಟಿನ್ನೇ ಮೊದಲು ಹೋಗಿ ಕುಳಿತುಕೊಂಡು ಸಂಕೇತ ಕುಸಿಯುತ್ತದೆ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಇದು ಪ್ರತಿಕಾಯಕ್ಕೂ ಲೆಕ್ಟಿನ್ನಿಗೂ ಸಮಾನವಾಗಿ ಅನ್ವಯಿಸುತ್ತದೆ. ಎಫ್‌ಐಟಿಸಿ ಸುಮಾರು 495 ನ್ಯಾನೋಮೀಟರಿನ ನೀಲಿ ಬೆಳಕು ಹೀರಿ 519ರ ಹಸಿರು ಬೆಳಕು ಕೊಡುತ್ತದೆ. ಅದು ಬೇಗ ಮಾಸುತ್ತದೆ, ಮತ್ತು ಆಮ್ಲೀಯತೆ ಹೆಚ್ಚಿದಂತೆ ಮಂಕಾಗುತ್ತದೆ. ಅದರ ಪಿಕೆಎ (ಹೊಳಪು ಸುಮಾರು ಅರ್ಧಕ್ಕಿಳಿಯುವ ಪಿಎಚ್) 6.4ರ ಸುಮಾರಿಗೆ ಇರುವುದರಿಂದ ಪಿಎಚ್ 7ರಲ್ಲಿಯೇ ಹೊಳಪಿನ ಗಣನೀಯ ಪಾಲು ಹೋಗಿರುತ್ತದೆ. ಸ್ಲೈಡ್ ಮುಚ್ಚುವ ಗ್ಲಿಸರಾಲಿನ ಪಿಎಚ್ 8ರ ಮೇಲಿರಲಿ. ಅಲೆಕ್ಸಾ 488 ಅದೇ ತರಂಗಾಂತರದಲ್ಲಿ ಕೆಲಸ ಮಾಡಿದರೂ ಈ ಎರಡು ದೋಷಗಳಿಂದ ಬಹುಮಟ್ಟಿಗೆ ಮುಕ್ತವಾಗಿದೆ. ಆದರೆ ಯಕೃತ್ತಿನ ಸ್ವಂತ ಬೆಳಕು ಹಸಿರಿನಲ್ಲಿಯೇ ಹೆಚ್ಚು. ದೂರದ ಕೆಂಪಿನ 647 ಬಣ್ಣ ಯಕೃತ್ತಿಗೆ ಉತ್ತಮ, ಆದರೆ ಅದು ಸೂಸುವ 668 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದೇ ಕಷ್ಟ. ಕ್ಯಾಮರಾ ಮತ್ತು ತಕ್ಕ ಫಿಲ್ಟರ್ ಬೇಕು, ನಿಮ್ಮಲ್ಲಿ ಇಲ್ಲ. ನಿಮ್ಮ ಟ್ರಿಟ್ಸಿ ಫಿಲ್ಟರಿಗೆ 550ರಲ್ಲಿ ಹೀರಿ 570ರಲ್ಲಿ ಸೂಸುವ ಸೈ3 ಸರಿಯಾಗಿ ಹೊಂದುತ್ತದೆ. 594 ಎಂದು ಬರೆದ ಬಣ್ಣವೂ ಕೆಂಪೇ ಆದರೂ ಆ ಫಿಲ್ಟರಿನ ಬೆಳಕು ಅದನ್ನು ಅರ್ಧಂಬರ್ಧ ಮಾತ್ರ ಪ್ರಚೋದಿಸುತ್ತದೆ. ಪಿಇ ಎಂಬ ಫೈಕೋಎರಿಥ್ರಿನ್ ಫ್ಲೋ ಸೈಟೋಮೀಟರಿನಲ್ಲಿ ಅತ್ಯಂತ ಉಜ್ವಲ, ಆದರೆ ಅದೊಂದೇ 240 ಕಿಲೋಡಾಲ್ಟನ್ ತೂಗುತ್ತದೆ, ಅಂದರೆ 150 ಕಿಲೋಡಾಲ್ಟನ್ನಿನ ಪ್ರತಿಕಾಯಕ್ಕಿಂತ ದೊಡ್ಡದು; ಸೆಕ್ಷನ್ ಒಳಗೆ ಇಳಿಯುವುದಿಲ್ಲ, ಸೂಕ್ಷ್ಮದರ್ಶಕದ ಕೆಳಗೆ ನೋಡನೋಡುತ್ತಲೇ ಮಾಸುತ್ತದೆ.

ಯಾರಾದರೂ ಪ್ರತಿಕಾಯ ಕೊಳ್ಳುವುದಾದರೆ, ಒಂದು ಅಣುವಿಗೆ ಎಷ್ಟು ಬಣ್ಣದ ಅಣುಗಳನ್ನು ಕಟ್ಟಿದ್ದಾರೆ ಎಂಬ ಅಂಕಿಯನ್ನು ಬಾಟಲಿಯ ಜೊತೆ ಬರುವ ಹಾಳೆಯಲ್ಲಿ ನೋಡಿರಿ. 3ರಿಂದ 6 ಇದ್ದರೆ ಸಾಮಾನ್ಯವಾಗಿ ಒಳ್ಳೆಯದು. ಹೆಚ್ಚು ಕಟ್ಟಿದಷ್ಟೂ ಹೆಚ್ಚು ಬೆಳಕು ಎಂಬುದು ತಪ್ಪು ತಿಳಿವಳಿಕೆ. ಬಣ್ಣದ ಅಣುಗಳು ಒತ್ತೊತ್ತಾಗಿ ಕುಳಿತರೆ ಒಂದರ ಬೆಳಕನ್ನು ಇನ್ನೊಂದು ನುಂಗುತ್ತದೆ, ಹಿಡಿಯುವ ತುದಿಯ ಲೈಸಿನ್‌ಗಳಿಗೂ ಬಣ್ಣ ಕೂತು ಹಿಡಿತವೇ ಕೆಡುತ್ತದೆ. ಬಳಸುವ ಪ್ರಮಾಣವನ್ನು 1:50ರಿಂದ ಆರಂಭಿಸಿ ಪ್ರತಿ ಸಲ ಅರ್ಧ ಮಾಡುತ್ತಾ 1:1600ರವರೆಗೆ ನೋಡಿ, ಅತಿ ಹೆಚ್ಚು ಹೊಳೆದ ಸ್ಲೈಡನ್ನು ಬಿಟ್ಟು, ಕಂಟ್ರೋಲಿಗೂ ಮಾದರಿಗೂ ಅಂತರ ಅತಿ ಹೆಚ್ಚಿರುವುದನ್ನು ಆರಿಸಿರಿ.

ಪ್ರಶ್ನೆ ಕೇಳಿದವರು, ಕಲಬುರಗಿ

ಇಬ್ಬರು ಹಿರಿಯರಿಗೂ ಕೃತಜ್ಞತೆಗಳು. ಬೀದರಿನ ಸರ್ ಹೇಳಿದಂತೆ ಮೂರು ಸ್ಲೈಡ್ ಮಾಡಿದೆ. ಬಯೋಟಿನ್ ಜೊತೆ ಬೆರೆಸಿದ ಸ್ಟ್ರೆಪ್ಟಾವಿಡಿನ್ ಹಾಕಿದ ಸ್ಲೈಡಿನಲ್ಲಿ ರವೆಯಂಥ ಹಸಿರು ಪೂರ್ತಿಯಾಗಿ ಹೋಯಿತು. ನಾನು ಮೂರು ವಾರ ತೊಳೆದು ಹೋಗಲಾಡಿಸಲು ಹೆಣಗಿದ್ದು ಕುರಿಯದೇ ಜೀವಸತ್ವವನ್ನು ಎಂದು ಈಗ ಅರ್ಥವಾಯಿತು.

ಆದರೆ ಇನ್ನೊಂದು ವಿಷಯ ಹೊರಬಿತ್ತು. ಏನನ್ನೂ ಹಾಕದ ಸ್ಲೈಡಿನಲ್ಲಿಯೂ ಕೆಲವು ಒರಟು ಕಣಗಳು ಹಳದಿ ಮಿಶ್ರಿತ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಅವು ಎಫ್‌ಐಟಿಸಿ, ಟ್ರಿಟ್ಸಿ ಎರಡೂ ಫಿಲ್ಟರಿನಲ್ಲಿ ಕಾಣುತ್ತವೆ. ವಯಸ್ಸಾದ ಕುರಿಯಲ್ಲಿ ಹೆಚ್ಚು, ಮರಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇವು ಏನು?

ಇನ್ನೊಂದು ಪ್ರಶ್ನೆ ಬ್ಲಾಕಿಂಗ್ ಬಗ್ಗೆ. ಅಂಗಾಂಶದ ಬಯೋಟಿನ್ನನ್ನು ಮೊದಲೇ ಮುಚ್ಚಿಬಿಡಲು ಅವಿಡಿನ್-ಬಯೋಟಿನ್ ಕಿಟ್ ಸಿಗುತ್ತದೆ ಎಂದು ಓದಿದೆ. ಸ್ಟ್ರೆಪ್ಟಾವಿಡಿನ್ನಿನಂತೆಯೇ ಬಯೋಟಿನ್ ಹಿಡಿಯುವ ಅವಿಡಿನ್ ಇರುವುದು ಮೊಟ್ಟೆಯ ಬಿಳಿಭಾಗದಲ್ಲಿಯೇ ಆದ್ದರಿಂದ, ಕಿಟ್ ಬದಲು ಮೊಟ್ಟೆಯ ಬಿಳಿಭಾಗವನ್ನು ನೀರಿನಲ್ಲಿ ಕದಡಿ ಬಳಸುವವರೂ, ಬಳಿಕ ಬಯೋಟಿನ್ನಿಗಾಗಿ ಕೆನೆರಹಿತ ಹಾಲು ಬಳಸುವವರೂ ಇದ್ದಾರಂತೆ. ನನಗೆ ಖರ್ಚು ಉಳಿಯುತ್ತದೆ. ಹೀಗೆ ಮಾಡಬಹುದೇ?

ಉತ್ತರ: ಪ್ರಯೋಗಾಲಯ ತಂತ್ರಜ್ಞ, ಯಾದಗಿರಿ

ಮೇಡಂ, ದಾಸ್ತಾನಿನ ಬಗ್ಗೆ ನೀವು ಮೊದಲು ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಬಿಸಿಲೂ ನಿಮ್ಮದರಂತೆಯೇ ಇರುತ್ತದೆ. ಬಣ್ಣ ಕಟ್ಟಿದ ಯಾವುದೇ ವಸ್ತುವನ್ನು, ಪ್ರತಿಕಾಯವಾಗಲಿ ಲೆಕ್ಟಿನ್ ಆಗಲಿ, ಬಂದ ದಿನವೇ ಸಣ್ಣ ಸಣ್ಣ ಪಾಲುಗಳಾಗಿ ಹಂಚಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, 4 ಡಿಗ್ರಿಯ ಫ್ರಿಜ್‌ನ ಹಿಂಭಾಗದಲ್ಲಿ ಇಡಿರಿ. ಬಾಗಿಲಿನ ತಟ್ಟೆಯಲ್ಲಿ ಬೇಡ. ವಿದ್ಯುತ್ ಹೋದಾಗ ಬೇಗ ಬಿಸಿಯಾಗುವುದು ಬಾಗಿಲೇ. ನಾವು ಫ್ರಿಜ್‌ನ ಒಳಗೆ ಒಂದು ಥರ್ಮೋಕೋಲ್ ಡಬ್ಬಿ ಇಟ್ಟು, ಅದರಲ್ಲಿ ತಂಪಾಗಿಸಿದ ಜೆಲ್ ಚೀಲಗಳ ನಡುವೆ ಬಾಟಲಿಗಳನ್ನು ನಿಲ್ಲಿಸುತ್ತೇವೆ. ಜೆಲ್ ಚೀಲ ಫ್ರೀಜರಿನದ್ದಾಗಿರಬಾರದು, ಫ್ರಿಜ್‌ನದ್ದೇ ಆಗಿರಬೇಕು, ಇಲ್ಲವಾದರೆ ಬಾಟಲಿ ಹೆಪ್ಪುಗಟ್ಟುತ್ತದೆ. ಪಿಇ ಮತ್ತು ಅದೇ ಜಾತಿಯ ಎಪಿಸಿ ಬಣ್ಣ ಕಟ್ಟಿದವು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಬಳಸುವ ಮೊದಲು ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಂಡರೆ, ಗಂಟುಗಟ್ಟಿದ ಕಣಗಳು ಸ್ಲೈಡಿನ ಮೇಲೆ ಚುಕ್ಕೆಗಳಾಗಿ ಬೀಳುವುದು ತಪ್ಪುತ್ತದೆ.

ಹೈದರಾಬಾದಿನಿಂದ ಪಾರ್ಸೆಲ್ ತರಿಸುವುದಾದರೆ ಶನಿವಾರ ತಲುಪುವಂತೆ ಎಂದೂ ಕಳುಹಿಸಲು ಹೇಳಬೇಡಿ. ಸೋಮವಾರದವರೆಗೆ ಅದು ಎಲ್ಲಿ ಕುಳಿತಿತ್ತು ಎಂದು ಯಾರೂ ಹೇಳಲಾರರು.

ಉತ್ತರ: ಪಶುರೋಗಶಾಸ್ತ್ರ ಕಲಿಸುವವರು, ಬೀದರ್

ತಂಗೀ, ಕಿತ್ತಳೆಯ ಒರಟು ಕಣಗಳು ಲಿಪೊಫಸ್ಕಿನ್. ವಯಸ್ಸಾದಂತೆ ಕೋಶದಲ್ಲಿ ಉಳಿದುಕೊಳ್ಳುವ ಈ ವರ್ಣಕ ವಿಶಾಲ ತರಂಗಾಂತರದಲ್ಲಿ ಬೆಳಕು ಸೂಸುವುದರಿಂದ ಎರಡೂ ಫಿಲ್ಟರಿನಲ್ಲಿ ಕಾಣುತ್ತದೆ, ಮತ್ತು ಹಾಗೆ ಎರಡರಲ್ಲಿಯೂ ಕಾಣುವುದೇ ಅದರ ಗುರುತು. ನಿಮ್ಮದು ವಯಸ್ಸಿನ ಅಧ್ಯಯನವಾದ್ದರಿಂದ ಇದನ್ನು ಕಡೆಗಣಿಸಲಾಗದು: ಮರಿಯಲ್ಲಿ ಇಲ್ಲದೆ ದೊಡ್ಡದರಲ್ಲಿ ಇರುವ ಬೆಳಕು ಕಂಪ್ಯೂಟರಿನ ಅಳತೆಗೆ ಸಕ್ಕರೆಯ ಹೆಚ್ಚಳದಂತೆಯೇ ತೋರುತ್ತದೆ. ಬಣ್ಣ ಹಾಕುವ ಕೆಲಸ ಮುಗಿದ ಮೇಲೆ, ಶೇ. 70ರ ಆಲ್ಕೋಹಾಲಿನಲ್ಲಿ ಕರಗಿಸಿದ ಶೇ. 0.1ರ ಸುಡಾನ್ ಬ್ಲ್ಯಾಕ್ ಬಿ ದ್ರಾವಣದಲ್ಲಿ ಹತ್ತು ನಿಮಿಷ ಇಟ್ಟು ಚೆನ್ನಾಗಿ ತೊಳೆದರೆ ಈ ಕಣಗಳು ಮುಚ್ಚಿಹೋಗುತ್ತವೆ. ಅದು ಕೆಂಪಿನಲ್ಲಿ ತನ್ನದೇ ಮಸುಕಾದ ಹಿನ್ನೆಲೆಯನ್ನು ಬಿಡುವುದುಂಟು. ಆದ್ದರಿಂದ ಕಂಟ್ರೋಲ್ ಸ್ಲೈಡ್‌ಗಳನ್ನೂ ಅದರಲ್ಲಿಯೇ ಅದ್ದಬೇಕು.

ಮೊಟ್ಟೆಯ ವಿಚಾರ ಹೆಚ್ಚು ಮಹತ್ವದ್ದು. ಬಯೋಟಿನ್ ಕಟ್ಟಿದ ಪ್ರತಿಕಾಯ ಬಳಸುವವರಿಗೆ ಮೊಟ್ಟೆಯ ಬಿಳಿಭಾಗದ ಉಪಾಯ ಸಾಕಷ್ಟು ಚೆನ್ನಾಗಿ ನಡೆಯುತ್ತದೆ. ಅವಿಡಿನ್ ಹೋಗಿ ಅಂಗಾಂಶದ ಬಯೋಟಿನ್ನನ್ನು ಹಿಡಿಯುತ್ತದೆ. ಅದರ ನಾಲ್ಕು ಕುಳಿಗಳಲ್ಲಿ ಖಾಲಿ ಉಳಿದವನ್ನು ಬಿಡಿ ಬಯೋಟಿನ್ ತುಂಬುತ್ತದೆ. ತುಂಬದೆ ಬಿಟ್ಟರೆ ಆಮೇಲೆ ಹಾಕುವ ಬಯೋಟಿನ್ ವಸ್ತುವೆಲ್ಲ ಅಲ್ಲಿಯೇ ಹೋಗಿ ಕೂರುತ್ತದೆ. ಆದರೆ ನೀವು ಹಾಕುತ್ತಿರುವುದು ಲೆಕ್ಟಿನ್. ಅವಿಡಿನ್ ಸ್ವತಃ ಸಕ್ಕರೆ ಹೊತ್ತ ಪ್ರೋಟೀನ್, ಬಿಳಿಭಾಗದ ಓವಾಲ್ಬುಮಿನ್ ಮತ್ತು ಓವೋಮ್ಯೂಕಾಯ್ಡ್ ಕೂಡ ಹಾಗೆಯೇ. ಅವುಗಳ ಸರಪಳಿಗಳಲ್ಲಿ ಎನ್-ಅಸಿಟೈಲ್‌ಗ್ಲೂಕೋಸಮೀನ್ ಎಂಬ ಸಕ್ಕರೆ ಇದೆ, ಮತ್ತು ಡಬ್ಲ್ಯುಜಿಎ ಹುಡುಕಿಕೊಂಡು ಹೋಗುವುದು ಅದನ್ನೇ. ಒಂದು ಹಿನ್ನೆಲೆಯನ್ನು ಮುಚ್ಚಲು ಹೋಗಿ ಸೆಕ್ಷನ್ ತುಂಬ ಕೋಳಿಮೊಟ್ಟೆಯ ಸಕ್ಕರೆ ಬಳಿದಂತಾಗುತ್ತದೆ. ಲೆಕ್ಟಿನ್ ಕೆಲಸದಲ್ಲಿ ಅವಿಡಿನ್ ಬದಲು ಸ್ಟ್ರೆಪ್ಟಾವಿಡಿನ್ನಿಂದಲೇ ಮುಚ್ಚಬೇಕು, ಬಣ್ಣವಿಲ್ಲದ ಸ್ಟ್ರೆಪ್ಟಾವಿಡಿನ್ನಿಂದ. ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾದಿಂದ ಬರುವ ಅದರ ಮೇಲೆ ಸಕ್ಕರೆ ಇಲ್ಲ. 15 ನಿಮಿಷ ಅದು, ತೊಳೆದು 15 ನಿಮಿಷ ಬಿಡಿ ಬಯೋಟಿನ್, ತೊಳೆದು ಲೆಕ್ಟಿನ್.

ಇದೇ ಕಾರಣಕ್ಕೆ ಹಾಲಿನ ಪುಡಿಯನ್ನೂ ಬಿಡಬೇಕು. ಅದರಲ್ಲಿ ಬಯೋಟಿನ್ ಇದೆ, ಸ್ಟ್ರೆಪ್ಟಾವಿಡಿನ್‌ನ ಕುಳಿಗಳನ್ನು ಕದಿಯುತ್ತದೆ. ಸಕ್ಕರೆ ಹೊತ್ತ ಪ್ರೋಟೀನುಗಳಿವೆ, ಲೆಕ್ಟಿನ್ನನ್ನು ಸೆಳೆಯುತ್ತವೆ. ಪ್ರಾಣಿಗಳ ಸೀರಂ ಕೂಡ ಬೇಡ. ಶುದ್ಧೀಕರಿಸಿದ, ಬಯೋಟಿನ್ ಇಲ್ಲದ ಶೇ. 1ರ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಸಾಕು.

ಈಗ ನಿಮ್ಮ ಮೂಲ ಪ್ರಶ್ನೆಗೆ ಇನ್ನೊಂದು ಕಾರಣ ಸೇರುತ್ತದೆ. ಮೊದಲ ಸಲ ಬರೆಯುವಾಗ ನನಗೆ ಹೊಳೆದಿರಲಿಲ್ಲ. ಪ್ರತಿಕಾಯವೂ ಸಕ್ಕರೆ ಹೊತ್ತ ಪ್ರೋಟೀನೇ. ಐಜಿಜಿ ಎಂಬ ಈ ಬಗೆಯ ಪ್ರತಿಕಾಯದ ಎಫ್‌ಸಿ ಭಾಗದ 297ನೇ ಆಸ್ಪರಜಿನ್ ಮೇಲೆ ಒಂದು ಸಕ್ಕರೆಯ ಸರಪಳಿ ಇದ್ದೇ ಇರುತ್ತದೆ. ನಿಮ್ಮ ಡಬ್ಲ್ಯುಜಿಎಗೆ ಹಿಡಿಯುವ ಕುಳಿಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ, ಅಂಗಾಂಶವನ್ನು ಹಿಡಿದುಕೊಂಡೇ ಅದು ಮೇಲೆ ಬಂದ ಪ್ರತಿಕಾಯವನ್ನೂ ಹಿಡಿಯುವ ಸಾಧ್ಯತೆ ಇದೆ. ಆಗ ಬಯೋಟಿನ್‌ಗೂ ಹೊಳಪಿಗೂ ಸಂಬಂಧವೇ ತಪ್ಪುತ್ತದೆ. ಎಫ್‌ಸಿ ಕತ್ತರಿಸಿದ ಎಫ್‌ಎಬಿ ತುಣುಕು ಬಳಸಿದರೆ ಇದೂ ಕುಪ್ಫರ್ ಕೋಶದ ತೊಂದರೆಯೂ ಬಹುಪಾಲು ತಪ್ಪುತ್ತವೆ, ಆದರೆ ಕಾರ್ಬಾಕ್ಸಿಲೇಸಿನ ಬಯೋಟಿನ್ ಮಾತ್ರ ಅಲ್ಲಿಯೇ ಇರುತ್ತದೆ. ಹೀಗಾಗಿ ಕಡಗಂಚಿಯವರ ಕೆಲಸಕ್ಕೆ ಒಪ್ಪುವ ಈ ಪ್ರತಿಕಾಯ ನಿಮ್ಮ ಕೆಲಸಕ್ಕೆ ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹಣದ ಒಂದು ಪಾಲಿನಲ್ಲಿ, ಟ್ರಿಟ್ಸಿ ಫಿಲ್ಟರಿಗೆ ಹೊಂದುವ ಬಣ್ಣವನ್ನು ನೇರವಾಗಿ ಕಟ್ಟಿದ ಡಬ್ಲ್ಯುಜಿಎ ತರಿಸಿಕೊಳ್ಳಿರಿ. ಅದರಲ್ಲಿ ಬಯೋಟಿನ್ನೂ ಇಲ್ಲ, ಸ್ಟ್ರೆಪ್ಟಾವಿಡಿನ್ನೂ ಇಲ್ಲ. ಕುರಿಯ ಯಕೃತ್ತಿನಲ್ಲಿ ಎಷ್ಟು ಜೀವಸತ್ವ ಇದ್ದರೂ ನಿಮಗೆ ಅದರ ಚಿಂತೆ ಇರುವುದಿಲ್ಲ. ಹಿಗ್ಗಿಸುವಿಕೆ ಇಲ್ಲದ್ದರಿಂದ ಹೊಳಪು ಸ್ವಲ್ಪ ಕಡಿಮೆ ಬಂದೀತು, ಡಬ್ಲ್ಯುಜಿಎ ಯಕೃತ್ತಿನಲ್ಲಿ ಚೆನ್ನಾಗಿಯೇ ಹಿಡಿಯುವುದರಿಂದ ಅದು ಕೊರತೆಯಾಗದು.

ಒಂದು ಕಂಟ್ರೋಲ್ ಮಾತ್ರ ಆಗಲೂ ಬೇಕು. ಲೆಕ್ಟಿನ್ನನ್ನು 0.2 ಮೋಲಾರ್ ಎನ್-ಅಸಿಟೈಲ್‌ಗ್ಲೂಕೋಸಮೀನ್ ಜೊತೆ, ಅಂದರೆ ಮಿಲಿಲೀಟರಿಗೆ ಸುಮಾರು 44 ಮಿಲಿಗ್ರಾಂ, ಅರ್ಧ ಗಂಟೆ ಬೆರೆಸಿಟ್ಟು ಹಾಕಿದ ಸ್ಲೈಡಿನಲ್ಲಿ ಹೊಳಪು ಇಳಿಯಬೇಕು. ಒಂಟಿ ಸಕ್ಕರೆ ಡಬ್ಲ್ಯುಜಿಎಯನ್ನು ದುರ್ಬಲವಾಗಿಯೇ ತಡೆಯುತ್ತದೆ, ಸಿಯಾಲಿಕ್ ಆಮ್ಲ ಎಂಬ ಇನ್ನೊಂದು ಸಕ್ಕರೆಯನ್ನು ಸಹ ಆ ಲೆಕ್ಟಿನ್ ಹಿಡಿಯುತ್ತದೆ. ಆದ್ದರಿಂದ ಪೂರ್ತಿ ಕತ್ತಲಾಗದಿದ್ದರೆ ಗಾಬರಿಯಾಗಬೇಡಿ, ಕೈಟಿನ್‌ನಿಂದ ಪಡೆದ ಮೂರು ಕೊಂಡಿಯ ಸಕ್ಕರೆ ಸಿಕ್ಕರೆ ಅದರಿಂದ ನೋಡಿರಿ.

ಪ್ರಶ್ನೆ ಕೇಳಿದವರು, ಕಲಬುರಗಿ

ಸರ್, ಪ್ರತಿಕಾಯದ ಆರ್ಡರ್ ಕೈಬಿಟ್ಟಿದ್ದೇನೆ. ಸೈ3 ಬಣ್ಣ ಕಟ್ಟಿದ ಡಬ್ಲ್ಯುಜಿಎಗಾಗಿ ಮಾರ್ಗದರ್ಶಕರ ಒಪ್ಪಿಗೆ ಪಡೆದಿದ್ದೇನೆ, ಬುಧವಾರ ತಲುಪುವಂತೆ ಕಳುಹಿಸಲು ಹೇಳಿದ್ದೇನೆ. ಉಳಿದ ಬಯೋಟಿನ್ ಲೆಕ್ಟಿನ್ನನ್ನು ಕರುಳಿನ ಸ್ಲೈಡ್‌ಗಳಿಗೆ ಮಾತ್ರ, ಸ್ಟ್ರೆಪ್ಟಾವಿಡಿನ್ನಿಂದ ಮುಚ್ಚಿದ ಮೇಲೆ, ಬಳಸುತ್ತೇನೆ; ಹಳೆಯ ಕರುಳಿನ ಚಿತ್ರಗಳನ್ನೂ ಹಾಲಿನ ಪುಡಿಯಿಲ್ಲದೆ ಮತ್ತೊಮ್ಮೆ ತೆಗೆಯುತ್ತಿದ್ದೇನೆ. ಯಕೃತ್ತಿನಲ್ಲಿ ಮರಿ ಮತ್ತು ದೊಡ್ಡ ಕುರಿ ಎರಡಕ್ಕೂ ಏನನ್ನೂ ಹಾಕದ ಸ್ಲೈಡ್, ಸಕ್ಕರೆಯಿಂದ ತಡೆದ ಸ್ಲೈಡ್ ಮತ್ತು ಪೂರ್ಣ ಸ್ಲೈಡ್ ಹೀಗೆ ಮೂರು ಮೂರು ಮಾಡಿ, ಕ್ಯಾಮರಾದ ಎಕ್ಸ್‌ಪೋಷರ್ ಸಮಯವನ್ನು ಆರಕ್ಕೂ ಒಂದೇ ಇಟ್ಟು, ಚಿತ್ರಗಳನ್ನು ಇಲ್ಲಿಯೇ ಹಾಕುತ್ತೇನೆ.